ಎರಡು ಈಡಿನ ಸದ್ದು, ಆಕಾಶದ ಕಾನೂನು

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಬಿಟ್ಟಂಗಾಲ ಸಿಗುತ್ತದೆ. ಕಾಫಿ ತೋಟ, ಗದ್ದೆ, ಒಳದಾರಿ ಹಿಡಿದರೆ ಐನ್‌ಮನೆಗಳು. ದಕ್ಷಿಣ ಕೊಡಗಿನ ಉಳಿದ ಊರುಗಳ ಹಾಗೆ ಇಲ್ಲಿಯೂ ಕೋವಿಯ ಸದ್ದೆಂದರೆ ಸುದ್ದಿ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸುವುದು ಹಳೆಯ ಪದ್ಧತಿ. ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಮುನ್ನ ಒಂದು ಈಡು. ಸಾವಾದರೆ ಮಾತ್ರ ಒಂದರ ಬೆನ್ನಿಗೆ ಇನ್ನೊಂದು, ಎರಡು ಈಡು. ಫೋನಿಲ್ಲದ ಕಾಲದಲ್ಲಿ ಗುಡ್ಡದಾಚೆಯ ನೆಂಟರು ಕೈಲಿದ್ದ ಕೆಲಸ ಬಿಟ್ಟು ಹೊರಡುತ್ತಿದ್ದದ್ದು ಎರಡನೆಯ ಸದ್ದು ಕಿವಿಗೆ ಬಿದ್ದ ಮೇಲೆಯೇ.

ಶಬ್ದಕ್ಕಿಂತ ವೇಗವಾಗಿ ಹಾರುವ ದೊಡ್ಡ ವಿಮಾನ ನೆಲಕ್ಕೆ ಇಳಿಸುವ ಸದ್ದೂ ಎರಡೇ. ಮೂತಿಯಿಂದ ಹೊರಟ ಒತ್ತಡದ ಅಲೆ ಒಂದು, ಬಾಲದ್ದು ಇನ್ನೊಂದು, ನಡುವೆ ರೆಪ್ಪೆ ಬಡಿಯುವಷ್ಟು ಬಿಡುವು. ಸೋನಿಕ್ ಬೂಮ್ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತ ವಿಮಾನವೊಂದು, ಟಿಕೆಟ್ ಕೊಳ್ಳದ ಲಕ್ಷಾಂತರ ಜನರ ಮೇಲೆ ಈ ಸದ್ದನ್ನು ಕೆಡವಿಕೊಂಡು ಹೋಗಬಹುದೇ? ಸುಮಾರು ಐವತ್ತು ವರ್ಷ ಜಗತ್ತಿನ ಹಲವು ದೇಶಗಳು ಕೂಡದು ಎನ್ನುತ್ತಲೇ ಬಂದವು. 2025ರಲ್ಲಿ ಆ ಮಾತು ಅಲುಗಾಡತೊಡಗಿತು. ಆ ನಿಷೇಧ ಹುಟ್ಟಿದ ಕಥೆಯಲ್ಲಿ ನಮ್ಮ ಪಾಲೂ ಇದೆ, ಕೊಡಗಿನ ಪೈಲಟ್ ಒಬ್ಬರ ನೆರಳೂ ಇದೆ.

ಮೊದಲು ಒಂದು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಬೇಕು. ವಿಮಾನ ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಢಮಾರ್ ಎನ್ನುತ್ತದೆ, ಆಮೇಲೆ ಎಲ್ಲ ಶಾಂತ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಶಬ್ದಾತೀತ ವೇಗದಲ್ಲಿ ಇರುವಷ್ಟು ಹೊತ್ತೂ ವಿಮಾನ ಆ ಅಲೆಯನ್ನು ಎಳೆದುಕೊಂಡೇ ಹೋಗುತ್ತದೆ. ಬೇಸಿಗೆಯಲ್ಲಿ ತೋಟದ ಮಣ್ಣುರಸ್ತೆಯಲ್ಲಿ ಜೀಪು ಎಬ್ಬಿಸುವ ಧೂಳಿನ ಹಾಗೆ: ಜೀಪು ಓಡಿದಷ್ಟು ದೂರವೂ ಧೂಳು, ಅದು ಕೂರುವುದು ಜೀಪಿನಲ್ಲಿ ಇದ್ದವರ ಮೇಲಲ್ಲ, ದಾರಿಯ ಎರಡೂ ಬದಿಯ ಗಿಡಗಳ ಮೇಲೆ. ವಿಮಾನ ಎತ್ತರಕ್ಕೆ ಹೋದಷ್ಟೂ ಸದ್ದು ಮೆತ್ತಗಾಗುತ್ತದೆ, ಆದರೆ ಅದು ಹರಡುವ ಪಟ್ಟಿ ಅಗಲವಾಗುತ್ತದೆ. 50,000 ಅಡಿ ಎತ್ತರದಲ್ಲಿ ಹಾರಿದರೆ ಕೆಳಗೆ ಸುಮಾರು 80 ಕಿ.ಮೀ. ಅಗಲದ ನೆಲಕ್ಕೆ ಸದ್ದು ಮುಟ್ಟುತ್ತದೆ. ವಿಮಾನ ಕಡಲು ಸೇರುವ ತನಕ ಆ ಪಟ್ಟಿ ಊರಿಂದ ಊರಿಗೆ ಸಾಗುತ್ತಲೇ ಇರುತ್ತದೆ. ಒಳಗೆ ಕೂತ ಪ್ರಯಾಣಿಕರಿಗೆ ಇದರ ಸುಳಿವೂ ಇರುವುದಿಲ್ಲ.

ಅಮೆರಿಕದ ಚಕ್ ಯೇಗರ್ 1947ರ ಅಕ್ಟೋಬರ್ 14ರಂದು ಈ ವೇಗವನ್ನು ದಾಟಿದಾಗ ಕೆಳಗಿದ್ದದ್ದು ಮರುಭೂಮಿ. ಮುಂದಿನ ಹತ್ತು ಹದಿನೈದು ವರ್ಷ ಇದು ಸೈನ್ಯದ ಸಂಗತಿಯಾಗಿಯೇ ಉಳಿಯಿತು. ಅರವತ್ತರ ದಶಕದಲ್ಲಿ ಪ್ರಯಾಣಿಕರನ್ನೂ ಹೀಗೆ ಸಾಗಿಸುವ ಪೈಪೋಟಿ ಹುಟ್ಟಿತು. 1962ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಕಾನ್ಕಾರ್ಡ್ ಕಟ್ಟುವ ಒಪ್ಪಂದ ಮಾಡಿಕೊಂಡವು. ಸೋವಿಯತ್ ಒಕ್ಕೂಟ ಟುಪೊಲೆವ್-144ಕ್ಕೆ ಕೈಹಾಕಿತು. ಅಮೆರಿಕ ಬೋಯಿಂಗ್ 2707 ಎಂಬ ಇನ್ನೂ ದೊಡ್ಡ ವಿಮಾನದ ನಕ್ಷೆ ಹರವಿತು. ಎಂಜಿನಿಯರರ ಲೆಕ್ಕವೆಲ್ಲ ಸರಿ ಬರುತ್ತಿತ್ತು. ಉಳಿದದ್ದು ಒಂದೇ ಲೆಕ್ಕ: ಕೆಳಗಿನವರು ಎಷ್ಟು ತಡೆದಾರು?

ಆ ಲೆಕ್ಕ ಹಾಕಲು ಅಮೆರಿಕದ ವಿಮಾನಯಾನ ಆಡಳಿತ ಆರಿಸಿಕೊಂಡದ್ದು ಒಕ್ಲಹಾಮ ಸಿಟಿ ಎಂಬ ಊರನ್ನು. ಆಯ್ಕೆಯಲ್ಲೇ ಜಾಣತನ ಇತ್ತು. ವಾಯುಪಡೆಯ ನೆಲೆ, ವಿಮಾನಯಾನ ಇಲಾಖೆಯ ಕಚೇರಿ ಎರಡೂ ಇದ್ದ, ವಿಮಾನವೆಂದರೆ ಅನ್ನವೆಂದೇ ತಿಳಿದ ಊರದು. 1964ರ ಫೆಬ್ರವರಿ 3ರಿಂದ ಜುಲೈ ಕೊನೆಯ ತನಕ ದಿನಕ್ಕೆ ಎಂಟರಂತೆ ಯುದ್ಧವಿಮಾನಗಳು ಆ ಊರಿನ ಮೇಲೆ ಶಬ್ದಾತೀತ ವೇಗದಲ್ಲಿ ಹಾರಿದವು. ಒಟ್ಟು 1,253 ಸಲ. ಮೊದಲನೆಯದು ಬೆಳಿಗ್ಗೆ ಏಳಕ್ಕೆ. ಅದನ್ನೇ ಅಲಾರಂ ಮಾಡಿಕೊಂಡವರೂ ಇದ್ದರಂತೆ. ಮೊದಲ ಹದಿನಾಲ್ಕು ವಾರಗಳಲ್ಲಿ ಊರಿನ ಎರಡು ಅತಿ ಎತ್ತರದ ಕಟ್ಟಡಗಳಲ್ಲಿ 147 ಕಿಟಕಿ ಗಾಜು ಒಡೆದವು. ಆರು ತಿಂಗಳಲ್ಲಿ 15,116 ದೂರು, 4,901 ಪರಿಹಾರದ ಅರ್ಜಿ. ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. ಜನ ಸಿಟ್ಟಿಗೆದ್ದು ಕೋರ್ಟಿಗೆ ಹೋದರು, ಸರ್ಕಾರ ಸೋತಿತು.

ಸಮೀಕ್ಷೆಯ ಕೊನೆಯಲ್ಲಿ ನೂರಕ್ಕೆ 73 ಮಂದಿ, ದಿನಕ್ಕೆ ಎಂಟು ಸದ್ದಾದರೂ ಹೇಗೋ ಬದುಕಬಹುದು ಎಂದರು. 27 ಮಂದಿ ಆಗುವುದೇ ಇಲ್ಲ ಎಂದರು. ಅಧಿಕಾರಿಗಳು 73ನ್ನು ಹಿಡಿದುಕೊಂಡು ಗೆದ್ದೆವು ಎನ್ನಬಹುದಿತ್ತು. ಆದರೆ ವಿಮಾನವನ್ನೇ ನೆಚ್ಚಿದ ಊರಿನಲ್ಲೇ ನಾಲ್ವರಲ್ಲಿ ಒಬ್ಬರಿಗೆ ಇದು ಒಗ್ಗದಿದ್ದರೆ ಬೇರೆ ಊರುಗಳ ಗತಿ ಏನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ನನಗೆ ಈ ಪ್ರಯೋಗದಲ್ಲಿ ಕಾಣುವ ದೊಡ್ಡ ಸಂಗತಿ ಅಂಕಿಗಳಲ್ಲ. ಯಂತ್ರವೊಂದನ್ನು ಕಟ್ಟುವ ಮುನ್ನವೇ, ಅದನ್ನು ಎಂದೂ ಹತ್ತದವರ ಕಿವಿಗೆ ಬೆಲೆ ಇದೆ ಎಂದು ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು.

ಒಕ್ಲಹಾಮದ ಮೇಲೆ ಹಾರಿದ ವಿಮಾನಗಳಲ್ಲಿ ಎಫ್-104 ಸ್ಟಾರ್‌ಫೈಟರ್ ಕೂಡ ಇತ್ತು. ಶಬ್ದದ ಎರಡು ಪಟ್ಟು ವೇಗದ, ಚೂರಿಯಂಥ ರೆಕ್ಕೆಯ ವಿಮಾನ. ಮರುವರ್ಷ ಅದೇ ಜಾತಿಯ ವಿಮಾನದ ಎದುರು ನಿಂತವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದೂ ಒಂದು. ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಬೆನ್ನಟ್ಟಿ ಬಂದ ಸ್ಟಾರ್‌ಫೈಟರ್ ಅನ್ನು ದೇವಯ್ಯ ಕೆಡವಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು, ದೇವಯ್ಯ ಮರಳಲಿಲ್ಲ. ನಡೆದದ್ದೇನೆಂದು ಭಾರತಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಪಾಕಿಸ್ತಾನದ ದಾಖಲೆಗಳನ್ನು ನೋಡಿ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ವೇಗವೊಂದೇ ಗೆಲ್ಲುವುದಿಲ್ಲ ಎಂಬುದಕ್ಕೆ ಆಕಾಶದಲ್ಲಿ ಸಿಕ್ಕ ಸಾಕ್ಷಿ ಅದು. ನೆಲದ ಮೇಲೆ ಅದೇ ಹೊತ್ತಿಗೆ ಬೇರೆ ಬಗೆಯ ಸಾಕ್ಷಿಗಳು ಕೂಡುತ್ತಿದ್ದವು.

ಸ್ವೀಡನ್ನಿನ ವಿಮಾನ ವಿಜ್ಞಾನಿ ಬೋ ಲುಂಡ್‌ಬರ್ಗ್ ಅರವತ್ತರ ದಶಕದ ಆರಂಭದಿಂದಲೇ ಶಬ್ದಾತೀತ ಪ್ರಯಾಣಿಕ ವಿಮಾನಗಳ ವಿರುದ್ಧ ಬರೆಯುತ್ತಿದ್ದರು. ಅವರ ಮಾತನ್ನು ಹಿಡಿದು 1967ರಲ್ಲಿ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಶರ್ಕ್ಲಿಫ್ ಸೋನಿಕ್ ಬೂಮ್ ವಿರೋಧಿ ನಾಗರಿಕರ ಕೂಟ ಕಟ್ಟಿದರು. ಪತ್ರಿಕೆಗಳಲ್ಲಿ ಜಾಹೀರಾತು, ಸಂಸದರಿಗೆ ಪತ್ರ, ಕೈಪಿಡಿ. 1971ರ ಮಾರ್ಚ್ 24ರಂದು ಅಮೆರಿಕದ ಸೆನೆಟ್ 51ಕ್ಕೆ 46 ಮತಗಳಿಂದ ಬೋಯಿಂಗ್ ಯೋಜನೆಗೆ ಹಣ ನಿಲ್ಲಿಸಿತು. ಖರ್ಚು, ಓಜೋನ್ ಪದರ, ವಿಯಟ್ನಾಂ ಯುದ್ಧದ ದಣಿವು ಎಲ್ಲವೂ ಆ ಮತದಲ್ಲಿ ಸೇರಿದ್ದವು, ಆದರೆ ಜನರ ಬಾಯಲ್ಲಿದ್ದದ್ದು ಸದ್ದಿನ ಮಾತು. 1973ರ ಏಪ್ರಿಲ್ 27ರಿಂದ ಕಾನೂನೇ ಬಂತು: ವಿಶೇಷ ಅನುಮತಿ ಇಲ್ಲದೆ ಯಾವ ನಾಗರಿಕ ವಿಮಾನವೂ ಅಮೆರಿಕದ ನೆಲದ ಮೇಲೆ ಮ್ಯಾಕ್ 1ನ್ನು, ಅಂದರೆ ಶಬ್ದದ ವೇಗವನ್ನು, ಮೀರುವಂತಿಲ್ಲ. ಸ್ವೀಡನ್, ನಾರ್ವೆ, ಸ್ವಿಟ್ಜರ್ಲೆಂಡ್, ಪಶ್ಚಿಮ ಜರ್ಮನಿಗಳೂ ಬಾಗಿಲು ಹಾಕಿದವು.

ಈ ನಿಯಮದ ಒಂದು ಗುಣ ಗಮನಿಸಿ. ಸದ್ದನ್ನು ತಡೆಯಲು ಹೊರಟವರು ಸದ್ದಿಗೆ ಮಿತಿ ಹಾಕಲಿಲ್ಲ, ವೇಗಕ್ಕೆ ಹಾಕಿದರು. ಸದ್ದು ಅಳೆಯುವುದು ತಂಟೆಯ ಕೆಲಸ: ಎಲ್ಲಿ ಅಳೆಯಬೇಕು, ಯಾವ ಗಾಳಿಯಲ್ಲಿ, ಯಾರ ಮನೆಯ ಅಂಗಳದಲ್ಲಿ? ವೇಗವಾದರೆ ಒಂದೇ ಅಂಕಿ, ವಾದಕ್ಕೆ ಎಡೆಯಿಲ್ಲ. ಸದ್ದೇ ಮಾಡದ ಶಬ್ದಾತೀತ ವಿಮಾನ ಬಂದರೂ ಅದಕ್ಕೂ ನಿಷೇಧವೇ ಎಂದು ಎಂಜಿನಿಯರರು ಅಂದಿನಿಂದ ಗೊಣಗುತ್ತಲೇ ಇದ್ದಾರೆ. ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ಆದರೂ ಹಳ್ಳಿಯವನೊಬ್ಬ ನನಗೆ ಕೇಳಿಸಿತು ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆಯನ್ನು ಅವನ ತಲೆಗೆ ಹೊರಿಸದ ಕಾನೂನು ಅದು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಗೌರವ.

ಇತ್ತ ಭಾರತ. ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿದ್ದ ಏರ್ ಇಂಡಿಯಾ 1966ರ ಜುಲೈನಲ್ಲಿ ಎರಡು ಕಾನ್ಕಾರ್ಡ್‌ಗಳಿಗೆ ಹೆಸರು ಬರೆಸಿತ್ತು. ಆಗ ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಆ ಸಾಲಿನಲ್ಲಿ ನಿಂತಿದ್ದವು. 1973ರ ಜನವರಿಯಲ್ಲಿ ಪ್ಯಾನ್ ಆಮ್ ಮತ್ತು ಟಿ.ಡಬ್ಲ್ಯು.ಎ. ಕೈಬಿಟ್ಟವು, ಸಾಲು ಕರಗಿತು. 1975ರಲ್ಲಿ ಏರ್ ಇಂಡಿಯಾವೂ ಸರಿಯಿತು. ಕೊನೆಗೆ ಉಳಿದದ್ದು ಕಟ್ಟಿದ ದೇಶಗಳ ಕಂಪನಿಗಳೇ: ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್.

ಕಾನ್ಕಾರ್ಡ್ ಪ್ರಯಾಣಿಕರನ್ನು ಹೊತ್ತು ಹಾರಿದ್ದು 1976ರ ಜನವರಿ 21ರಂದು. ಬ್ರಿಟನ್ನಿನ ಮೊದಲ ದಾರಿ ಲಂಡನ್ನಿನಿಂದ ಬಹರೇನ್‌ಗೆ. ಅಲ್ಲಿಂದ ಸಿಂಗಾಪುರಕ್ಕೆ ಚಾಚುವ ಆಸೆ. ಗೋಳದ ಮೇಲೆ ಬಹರೇನ್‌ನಿಂದ ಸಿಂಗಾಪುರಕ್ಕೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಆ ಅತಿ ಹತ್ತಿರದ ಗೆರೆ ಅರಬ್ಬೀ ಕಡಲು ದಾಟಿ ಮಹಾರಾಷ್ಟ್ರದ ದಕ್ಷಿಣದಲ್ಲಿ ಒಳನುಗ್ಗಿ, ವಿಜಯಪುರ ಮತ್ತು ರಾಯಚೂರಿನ ಆಸುಪಾಸಿನಲ್ಲಿ ಕರ್ನಾಟಕವನ್ನು ಹಾದು ಆಂಧ್ರದ ಕಡೆ ಇಳಿಯುತ್ತದೆ. ವಿಮಾನಗಳು ದಾರದ ಗೆರೆಯಲ್ಲಿ ಹಾರುವುದಿಲ್ಲ, ವಾಯುಮಾರ್ಗಗಳೇ ಬೇರೆ ಎನ್ನುವುದು ಗೊತ್ತಿದ್ದದ್ದೇ. ಆದರೂ ಊಹಿಸಿಕೊಳ್ಳಬಹುದು: ಗುಮ್ಮಟದೊಳಗೆ ಒಂದು ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರುದನಿ ಕೊಡುವ ಗೋಲಗುಂಬಜ್, ಅದರ ನೆತ್ತಿಯ ಮೇಲೆ ದಿನದಿನ ಎರಡು ಈಡು. ಇದು ಬರೀ ತಮಾಷೆಯಲ್ಲ. 1970ರಲ್ಲಿ ಬ್ರಿಟನ್ನಿನ ಪಶ್ಚಿಮ ಕರಾವಳಿಯುದ್ದಕ್ಕೂ ಕಾನ್ಕಾರ್ಡಿನ ಪರೀಕ್ಷೆ ನಡೆದಾಗ ವೇಲ್ಸ್‌ನ ಸೇಂಟ್ ಡೇವಿಡ್ಸ್ ಎಂಬ ಹಳೆಯ ಕೆಥೆಡ್ರಲ್‌ನ ಗೋಡೆಗೆ ಏನಾದೀತು ಎಂಬ ಚಿಂತೆ ಅಲ್ಲಿನವರನ್ನು ಕಾಡಿತ್ತು, ಕಂಪನ ಅಳೆಯಲು ಉಪಕರಣ ಇಟ್ಟಿದ್ದರು.

ಬಹರೇನ್–ಸಿಂಗಾಪುರ ಸೇವೆ 1977ರ ಡಿಸೆಂಬರ್ 9ರಂದು ಶುರುವಾಯಿತು. ಸಿಂಗಾಪುರ್ ಏರ್‌ಲೈನ್ಸ್ ಜೊತೆಗಿನ ಪಾಲುದಾರಿಕೆ. ವಿಮಾನದ ಒಂದು ಮಗ್ಗುಲಿಗೆ ಅವರ ಬಣ್ಣ, ಇನ್ನೊಂದಕ್ಕೆ ಬ್ರಿಟಿಷ್ ಏರ್‌ವೇಸ್ ಬಣ್ಣ. ಮೂರು ಸಲ ಹೋಗಿ ಬಂದದ್ದೇ ತಡ, ಮಲೇಷ್ಯಾ ತನ್ನ ಆಕಾಶ ಕೊಡಲಾರೆ ಎಂದಿತು. ಸದ್ದಿನ ಕಾರಣವನ್ನೂ ಮುಂದಿಟ್ಟಿತು, ಲಂಡನ್ನಿಗೆ ತನ್ನ ವಿಮಾನಗಳ ಸಂಖ್ಯೆ ಹೆಚ್ಚಿಸಿಕೊಳ್ಳುವ ಚೌಕಾಸಿಯೂ ಹಿಂದೆ ಇತ್ತು. ಸುತ್ತು ದಾರಿ ಹುಡುಕಿ 1979ರ ಜನವರಿ 24ರಂದು ಮತ್ತೆ ಶುರು ಮಾಡಿದರು. ಆಗ ಅಡ್ಡ ಬಂದದ್ದು ಭಾರತ. ನಮ್ಮ ವಾಯುಪ್ರದೇಶದಲ್ಲಿ ಶಬ್ದಾತೀತ ವೇಗಕ್ಕೆ ಅವಕಾಶ ಸಿಗಲಿಲ್ಲ. ಮ್ಯಾಕ್ 2ರ ವಿಮಾನವನ್ನು ನಿಧಾನವಾಗಿ ಓಡಿಸಿದರೆ ಅದು ಎಣ್ಣೆ ಕುಡಿಯುವ ಬಿಳಿಯಾನೆ. ಉಳಿಸಿದ ಗಂಟೆಗಳನ್ನೇ ಮಾರುವ ವ್ಯಾಪಾರದಲ್ಲಿ ಗಂಟೆಗಳೇ ಉಳಿಯದೆ 1980ರ ನವೆಂಬರ್ 1ಕ್ಕೆ ಸೇವೆ ನಿಂತಿತು. ಅಮೆರಿಕದೊಳಗೆ ಬ್ರಾನಿಫ್ ಕಂಪನಿ ವಾಷಿಂಗ್ಟನ್–ಡಲ್ಲಾಸ್ ನಡುವೆ ಕಾನ್ಕಾರ್ಡನ್ನು ಶಬ್ದದ ವೇಗಕ್ಕಿಂತ ತುಸು ಕೆಳಗೇ ಓಡಿಸಿ ನೋಡಿತು. ಅದೂ 1980ರಲ್ಲಿ ಮುಗಿಯಿತು.

ನೆಲದ ಮೇಲೆ ಶಬ್ದಾತೀತ ವೇಗದಲ್ಲಿ ಪ್ರಯಾಣಿಕರನ್ನು ಸಾಗಿಸಿ ತೋರಿಸಿದ್ದು ಸೋವಿಯತ್ ಒಕ್ಕೂಟ. ಮಾಸ್ಕೋದಿಂದ ಅಲ್ಮಾ ಅತಾಗೆ 1977ರ ನವೆಂಬರ್‌ನಿಂದ 1978ರ ಜೂನ್ ತನಕ 55 ಪ್ರಯಾಣಿಕ ಹಾರಾಟ. ನಿಂತದ್ದು ಸದ್ದಿನಿಂದಲ್ಲ, ವಿಮಾನದ ದೋಷಗಳಿಂದ. ಅಲ್ಲಿ ಕೆಳಗಿನವರು ದೂರು ಕೊಡುವ ಪ್ರಶ್ನೆಯೇ ಇರಲಿಲ್ಲ ಅನ್ನಿ.

ಕಾನ್ಕಾರ್ಡ್ ಕಡಲಿಗೆ ಸೀಮಿತವಾಯಿತು. ಲಂಡನ್, ಪ್ಯಾರಿಸ್‌ನಿಂದ ನ್ಯೂಯಾರ್ಕಿಗೆ ಅಟ್ಲಾಂಟಿಕ್ ಮೇಲೆ ಮೂರೂವರೆ ಗಂಟೆ. 2000ದ ಜುಲೈ 25ರ ಪ್ಯಾರಿಸ್ ಅಪಘಾತದ ಮೇಲೆ ಅದರ ಹಣೆಬರಹ ಕುಂದಿತು, 2003ರ ಅಕ್ಟೋಬರ್ 24ರಂದು ಕೊನೆಯ ಪ್ರಯಾಣಿಕರು ಇಳಿದರು.

ಭಾರತ ಪರರ ವಿಮಾನಕ್ಕೆ ಬೇಡ ಎಂದದ್ದು ಈ ವಿದ್ಯೆ ತಿಳಿಯದೆ ಅಲ್ಲ. ಶಬ್ದಾತೀತ ಹಾರಾಟದ ವಿದ್ಯೆಗೆ ನಮ್ಮಲ್ಲಿ ಮನೆ ಎಂದರೆ ಬೆಂಗಳೂರೇ. ಸತೀಶ್ ಧವನ್ ಐವತ್ತರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಬ್ದಾತೀತ ವೇಗದ ಗಾಳಿಸುರಂಗ ಕಟ್ಟಿದ್ದರು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ದೊಡ್ಡ ಗಾಳಿಸುರಂಗ 1967ರಲ್ಲಿ ಚಾಲೂ ಆಯಿತು. ಎಚ್.ಎ.ಎಲ್.ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ 1961ರ ಜೂನ್ 17ರಂದು ಹಾರಿತು. ಮ್ಯಾಕ್ 2 ಮುಟ್ಟಬೇಕೆಂದು ಎಳೆದ ನಕ್ಷೆ ಅದು. ತಕ್ಕ ಎಂಜಿನ್ ಸಿಗದೆ ಶಬ್ದದ ಹೊಸ್ತಿಲಲ್ಲೇ ನಿಂತಿತು. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲಿ ತೀರಿಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ, ಅಲ್ಲಿ ಸಿಗ್ನಲ್‌ನಲ್ಲಿ ನಿಂತು ಬೈದುಕೊಳ್ಳುವ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತೋ. ಹೊಸ್ತಿಲು ದಾಟಿದ್ದು ತೇಜಸ್: 2003ರ ಆಗಸ್ಟ್ 1ರಂದು ಮೊದಲ ಸಲ ಶಬ್ದದ ವೇಗ ಮೀರಿತು.

ಇಷ್ಟೆಲ್ಲ ಆದರೂ ಬೆಂಗಳೂರಿಗರಿಗೆ ಆ ಸದ್ದಿನ ಪರಿಚಯ ಸಾಲದು ಎಂದು ತಿಳಿದದ್ದು 2020ರ ಮೇ 20ರ ಮಧ್ಯಾಹ್ನ. ಲಾಕ್‌ಡೌನಿನ ಕಾಲ, ಜನ ಮನೆಯಲ್ಲಿದ್ದರು. ಒಂದೂಕಾಲು ದಾಟಿದ ಹೊತ್ತಿಗೆ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯ ತನಕ ಭಾರಿ ಸದ್ದು, ಕಿಟಕಿ ಬಾಗಿಲು ಗಡಗಡ. ಭೂಕಂಪವೇ ಎಂದು ಕೆಲವರು. ಅದೇ ದಿನ ಬಂಗಾಳಕ್ಕೆ ಅಪ್ಪಳಿಸುತ್ತಿದ್ದ ಅಂಫಾನ್ ಚಂಡಮಾರುತದ ನಂಟು ಹಚ್ಚಿದವರು ಕೆಲವರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳಲ್ಲಿ ಭೂಕಂಪದ ಗುರುತಿಲ್ಲ ಎಂದಿತು. ನಂತರ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯ ಎಂದಿನ ಪರೀಕ್ಷಾ ಹಾರಾಟ, ನಗರದ ಹೊರಗೆ ಗೊತ್ತುಪಡಿಸಿದ ಪ್ರದೇಶದಲ್ಲಿ ನಡೆದದ್ದು. 36,000ದಿಂದ 40,000 ಅಡಿ ಎತ್ತರದಲ್ಲಿ ವಿಮಾನ ಶಬ್ದಾತೀತ ವೇಗವನ್ನು ತಗ್ಗಿಸುತ್ತಿದ್ದಾಗ ಕೇಳಿಸಿದ ಸದ್ದಿರಬೇಕು, 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಅದು ಕೇಳಿಸಬಲ್ಲದು. 2021ರಲ್ಲೂ ನಗರ ಇಂಥ ಸದ್ದಿಗೆ ಬೆಚ್ಚಿತು.

ನಿಯಮವೆಲ್ಲ ನಾಗರಿಕ ವಿಮಾನಗಳಿಗೆ, ಸೈನ್ಯಕ್ಕಲ್ಲ. ಅಮೆರಿಕದಲ್ಲೂ ಅಷ್ಟೇ. ದೇಶ ಕಾಯುವ ವಿಮಾನದ ಪರೀಕ್ಷೆಗೆ ಯಾರೂ ತಕರಾರು ತೆಗೆಯುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ. ಆದರೆ ಆ ಒಂದು ಮಧ್ಯಾಹ್ನದ ಗಲಿಬಿಲಿಯನ್ನು ದಿನಕ್ಕೆ ನಾಲ್ಕು ಸಲದಿಂದ ಗುಣಿಸಿ ನೋಡಿ, ಕಾರಣವಾಗಿ ದೇಶರಕ್ಷಣೆಯ ಬದಲು ಯಾರದೋ ವ್ಯಾಪಾರದ ಸಭೆಯನ್ನು ಇಟ್ಟು ನೋಡಿ. 1973ರ ನಿಯಮ ತಡೆದದ್ದು ಅದನ್ನು.

ಈಗ ಅಮೆರಿಕ ಆ ನಿಯಮವನ್ನೇ ತೆಗೆಯಲು ಹೊರಟಿದೆ. 2025ರ ಜನವರಿ 28ರಂದು ಬೂಮ್ ಎಂಬ ಕಂಪನಿಯ ಎಕ್ಸ್‌ಬಿ-1 ವಿಮಾನ ಮೊಹಾವೆ ಮರುಭೂಮಿಯ ಮೇಲೆ ಶಬ್ದದ ವೇಗ ಮೀರಿತು. ಕಿವಿಗೆ ಕೇಳುವ ಸದ್ದು ನೆಲಕ್ಕೆ ಮುಟ್ಟಲಿಲ್ಲ ಎಂದು ಕಂಪನಿ ಹೇಳಿತು. ಇದರಲ್ಲಿ ಮಾಟವಿಲ್ಲ. ಎತ್ತರದ ಗಾಳಿ ತಣ್ಣಗೆ, ಅಲ್ಲಿ ಶಬ್ದದ ವೇಗ ಕಡಿಮೆ. ಕೆಳಗಿನ ಗಾಳಿ ಬೆಚ್ಚಗೆ, ವೇಗ ಜಾಸ್ತಿ. ವಿಮಾನ ಮ್ಯಾಕ್ 1ಕ್ಕಿಂತ ತುಸುವೇ ಮೇಲಿದ್ದರೆ ಅಲೆ ಕೆಳಗಿಳಿಯುತ್ತ ಬಾಗಿ ಮತ್ತೆ ಮೇಲಕ್ಕೆ ತಿರುಗಿಬಿಡುತ್ತದೆ. ಆ ದಿನದ ಉಷ್ಣತೆ, ಗಾಳಿಯ ದಿಕ್ಕು ಕೂಡಿ ಬಂದರೆ ಮಾತ್ರ. ಜೂನ್ 6ರಂದು ಅಧ್ಯಕ್ಷ ಟ್ರಂಪ್, 180 ದಿನಗಳೊಳಗೆ 1973ರ ನಿಷೇಧವನ್ನು ರದ್ದು ಮಾಡಿ, ಅದರ ಜಾಗದಲ್ಲಿ ಸದ್ದಿನ ಮಿತಿಯನ್ನು ತರಲು ಕ್ರಮ ಕೈಗೊಳ್ಳಿ ಎಂದು ಆದೇಶ ಹೊರಡಿಸಿದರು. ಅಕ್ಟೋಬರ್ 28ರಂದು ನಾಸಾದ ಎಕ್ಸ್-59 ಮೊದಲ ಸಲ ಹಾರಿತು. ಮೂತಿ ಎಷ್ಟು ಉದ್ದವೆಂದರೆ ಪೈಲಟ್‌ಗೆ ಮುಂದಿನ ಕಿಟಕಿಯೇ ಇಲ್ಲ, ಕ್ಯಾಮೆರಾ ಪರದೆ ನೋಡಿ ಓಡಿಸಬೇಕು. ಅಲೆಗಳು ಒಂದಾಗಿ ಗಟ್ಟಿಯಾಗದಂತೆ ಚದುರಿಸುವ ಆಕಾರ ಅದು. ಕಾನ್ಕಾರ್ಡ್ ಸುಮಾರು 105 ಡೆಸಿಬೆಲ್ ಮಾಡುತ್ತಿದ್ದ ಕಡೆ ಇದರ ಗುರಿ 75, ಕಾರಿನ ಬಾಗಿಲು ಹಾಕಿದಷ್ಟು. ಮುಂದೆ ಇದನ್ನು ಅಮೆರಿಕದ ಊರುಗಳ ಮೇಲೆ ಹಾರಿಸಿ ಜನರನ್ನು ಕೇಳುವ ಯೋಜನೆ ಇದೆ. ಆ ಉತ್ತರಗಳು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಹೋಗುತ್ತವೆ, ಅಲ್ಲಿಂದ ಜಗತ್ತಿಗೆಲ್ಲ ಒಂದು ಮಾನದಂಡವಾಗಿ ಹೊರಬೀಳುವ ಸಂಭವವಿದೆ.

ನನ್ನ ತಕರಾರು ಇಲ್ಲಿದೆ. ವೇಗದ ಮಿತಿ ಹೋಗಿ ಸದ್ದಿನ ಮಿತಿ ಬರುವುದು ತತ್ವದಲ್ಲಿ ಸರಿಯೇ. ಸದ್ದು ಮಾಡದ ವಿಮಾನವನ್ನು ತಡೆಯಲು ಯಾರಿಗೂ ಹಟವಿಲ್ಲ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆದ ಮೇಲೆ ಗಲ್ಫಿಗೆ ಹೋಗುವ ವಿರಾಜಪೇಟೆಯವರೂ ಮಾಕುಟ್ಟ ದಾಟಿ ಅಲ್ಲಿಗೇ ಹೋಗುತ್ತಾರೆ, ಬೇಗ ಮುಟ್ಟುವ ಆಸೆ ಅವರಿಗೂ ಇದೆ. ಆದರೆ ಇಷ್ಟು ಸದ್ದು ತಡೆಯಬಹುದು ಎಂದು ಯಾರ ಕಿವಿ ಹೇಳಬೇಕು? ಅಮೆರಿಕದ ಬಯಲುಸೀಮೆಯಲ್ಲಿ, ಗಾಜು ಮುಚ್ಚಿದ ಮನೆಯೊಳಗೆ ಕೂತವರಿಗೆ 75 ಡೆಸಿಬೆಲ್ ಎಂದರೆ ಒಂದು ಅರ್ಥ. ಕೊಡಗಿನಲ್ಲಿ ಬೇರೆ. 2018ರ ಜುಲೈ 9ರಂದು ಇಲ್ಲಿ 3.4 ತೀವ್ರತೆಯ ಕಂಪನ ಆಯಿತು, ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜಾರಿ ಜನ ಮಣ್ಣಾದರು. 2022ರ ಜೂನ್ ಕೊನೆಯಲ್ಲಿ ಚೆಂಬು, ಸುಳ್ಯದ ಗಡಿಯಲ್ಲಿ ನೆಲದೊಳಗಿನಿಂದ ಸದ್ದು ಕೇಳಿ ಜನ ಮನೆಯಿಂದ ಹೊರಗೆ ಓಡಿಬಂದರು. ಮಳೆಗಾಲದ ರಾತ್ರಿ ಒಂದು ಗುಡುಗುಡು ಕೇಳಿದರೆ ಇಲ್ಲಿಯವರು ಮೊದಲು ನೋಡುವುದು ಆಕಾಶವನ್ನಲ್ಲ, ಮನೆಯ ಹಿಂದಿನ ಗುಡ್ಡದ ಬರೆಯನ್ನು. ಕಣಿವೆ ಗುಡ್ಡಗಳ ನಡುವೆ ಸದ್ದು ಬಯಲಿನಲ್ಲಿ ಹೋದಂತೆ ಹೋಗುವುದೂ ಇಲ್ಲ. ತೋಟಕ್ಕೆ ನುಗ್ಗಿದ ಆನೆಯನ್ನು ಪಟಾಕಿ ಸಿಡಿಸಿ ಓಡಿಸುವ ಊರಿನಲ್ಲಿ, ಹೊತ್ತಲ್ಲದ ಹೊತ್ತಿನ ಸದ್ದಿಗೆ ಆನೆ ಯಾವ ಕಡೆ ಓಡೀತು ಎಂದು ಕೇಳುವವರೂ ಬೇಕು. ಒಕ್ಲಹಾಮದ ಸಮೀಕ್ಷೆಯಲ್ಲಿ ಈ ಪ್ರಶ್ನೆಗಳು ಇರಲು ಕಾರಣವಿರಲಿಲ್ಲ. ಇನ್ನು ಮುಂದಿನದರಲ್ಲೂ ತಾವಾಗಿ ಬರುವುದಿಲ್ಲ.

1944ರ ಶಿಕಾಗೋ ಒಪ್ಪಂದದ ಮೊದಲ ವಿಧಿ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ಣ ಒಡೆತನ ಕೊಟ್ಟಿದೆ. 1979ರಲ್ಲಿ ಭಾರತ ಅದನ್ನು ಚಲಾಯಿಸಿತ್ತು. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ, ಅದರಡಿ ಹೊಸ ನಿಯಮಗಳನ್ನು ರೂಪಿಸುವ ಕಾಲ ಇದು. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವುದು ನಮ್ಮಲ್ಲಿ ರೂಢಿ. ಶಬ್ದಾತೀತ ನಾಗರಿಕ ಹಾರಾಟದ ಕರಡು ಎಂದಾದರೂ ಹೊರಬಂದರೆ ಅದು ದೆಹಲಿಯ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಮಲಗಿರಬಾರದು. ಕನ್ನಡದಲ್ಲಿ ಬರಲಿ, ಪಂಚಾಯಿತಿಗಳಿಗೆ ಬರಲಿ. ಮಿತಿ ಗೊತ್ತುಮಾಡುವ ಮುನ್ನ ಸದ್ದಳೆಯುವ ಯಂತ್ರವನ್ನು ಪಶ್ಚಿಮ ಘಟ್ಟದ ಕಣಿವೆಯಲ್ಲೂ ಇಟ್ಟು, ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆಯಲಿ. ಕೊಡಗಿನ ಗ್ರಾಮಸಭೆಗಳು ಅದನ್ನು ಕೇಳಲು ಕರಡು ಬರುವ ತನಕ ಕಾಯಬೇಕಾಗಿಲ್ಲ, ಈಗಲೇ ಒಂದು ನಿರ್ಣಯ ಬರೆದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಕಳಿಸಬಹುದು.